ಬನಪ್ಪ ಮತ್ತು ಆರಿ ಹತ್ತುವ ಕಂಪ್ಯೂಟರ್

ಇದು ನಡೆದದ್ದು ಹೋದ ವರ್ಷ, ಶ್ರಾವಣ ಮುಗಿದ ವಾರ, ಸೋಮವಾರದಿಂದ ಶನಿವಾರದವರೆಗೆ.

ಕುಪ್ಪಸದ ಖಣ ನೇಯುವ ಒಂದೂರು. ಅಲ್ಲೊಬ್ಬ ಅವ್ವ, ಅವಳಿಗೊಬ್ಬ ಮಗ. ಅವ್ವ ಶಂಕ್ರವ್ವ, ಮಗ ಬನಪ್ಪ. ವಯಸ್ಸು ಇಪ್ಪತ್ತೆರಡು. ಕೆಲಸಕ್ಕೆ ಬೇಸರವಿಲ್ಲ, ಮಾತಿಗೆ ಎದುರಾಡುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಕಷ್ಟವೇ ಅದು! "ಹಾಲು ಉಕ್ಕೋದನ್ನ ನೋಡು" ಅಂದರೆ, ಉಕ್ಕಿ ಹರಿದು ಒಲೆ ಆರುವವರೆಗೂ ನೋಡುತ್ತಾನೆ.

"ನಿನ್ನ ತಲ್ಯಾಗ ಏನೈತೋ?" ಅಂತ ಅವ್ವ ಹಣೆ ಚಚ್ಚಿಕೊಳ್ಳುತ್ತಾಳೆ.

"ಏನೈತಿ ಯವ್ವಾ?"

"ಏನೂ ಇಲ್ಲ!"

"ಹೌದಾ? ಆತು ಬಿಡು."

ಶಂಕ್ರವ್ವನ ಕೆಲಸ ಖಣದ ಹೂಬಳ್ಳಿಗಳ ನಕ್ಷೆ ಬರೆಯುವುದು. ಇಪ್ಪತ್ತು ವರ್ಷ ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದಳು. ಈಗ ನೇಕಾರರ ಸಂಘದವರಿಗೆ ಎಲ್ಲ ಕಂಪ್ಯೂಟರಿನಲ್ಲೇ ಬೇಕು. ಅವಳು ಹೆದರಲಿಲ್ಲ, ಕಲಿತಳು. ಸಂಘದವರು ಹೇಳಿ ಕಳಿಸಿದರು: "ಎಂಟೆಸಳಿನ ಹೊಸ ಹೂವು ಶನಿವಾರ ನಾಲ್ಕಕ್ಕ ನಮ್ಮ ಕೈಯಾಗ ಇರಬೇಕು. ಇದ್ದರ ವರ್ಷದ ಕೆಲಸ ನಿಮಗ. ಇಲ್ಲಂದರ ಬ್ಯಾರೆಯವರಿಗೆ."

ಓಣಿಗೆಲ್ಲ ಕಾಕಾ ಆದ ಇಮಾಮಕಾಕಾ, ರೇಡಿಯೋ ರಿಪೇರಿಯವ, ಬಿಡಿ ಸಾಮಾನು ತರಿಸಿ ಒಂದೊಂದೇ ಜೋಡಿಸಿ ಹೊಸ ಕಂಪ್ಯೂಟರ್ ಕಟ್ಟಿಕೊಟ್ಟ. ಆ ಊರಲ್ಲಿ ಹೊಸ ಮಗ್ಗ ಹೂಡಿದರೆ, ಎದುರಿಗೆ ನಿಂಬೆಹಣ್ಣು ತೂಗುಹಾಕದೆ ಯಾರೂ ಲಾಳಿ ಮುಟ್ಟುವುದಿಲ್ಲ.

"ಬನ್ಯಾ, ಇದೂ ಮಗ್ಗ ಇದ್ದಂಗ. ದೊಡ್ಡದೊಂದು ನಿಂಬೆಹಣ್ಣು ಕಟ್ಟು. ಡಬ್ಬಿ ಮುಖದ ನಟ್ಟನಡುವ ಬರಬೇಕು ನೋಡು!" ಅಂದಳು ಅವ್ವ.

ಕಟ್ಟಿದ. ನಟ್ಟನಡುವೆಯೇ ಕಟ್ಟಿದ.

ಸೋಮವಾರ ಶಂಕ್ರವ್ವ ಒಂದು ಎಸಳು ಬರೆದಳು. ಪಟ್! ಪರದೆ ಕಪ್ಪಾಯಿತು. ತಾನೇ ಆರಿತು, ತಾನೇ ಹತ್ತಿತು. ಮತ್ತೆ ಬರೆದಳು. ಪಟ್! ಒಮ್ಮೆ ಹತ್ತು ನಿಮಿಷಕ್ಕೆ, ಒಮ್ಮೆ ತಾಸಿಗೆ. ಬರೆದದ್ದನ್ನು ಉಳಿಸುವ ಹೊತ್ತಿಗೇ ಆರಿ, ಉಳಿಸಿದ್ದೂ ಕೆಟ್ಟಿತು. ಬಾಜೂ ಮನೆಯ ಮಗ್ಗ ಮಾತ್ರ ಖಟ್ ಖಟ್ ಅಂತ ಗೋಡೆ, ಮೇಜು ಎಲ್ಲ ನಡುಗಿಸುತ್ತ ನಡೆದಿತ್ತು.

ಕಾಕಾ ಬಂದು ನೋಡಿದ. "ಬಿಸಿ ಆಗತಿರಬೇಕು ಶಂಕ್ರವ್ವಾ. ತಣ್ಣಗ ಇಡ್ರಿ."

"ಕೇಳಿದೇನೋ? ತಣ್ಣಗ ಇಡು!" ಅಂದು ಅವ್ವ ನೀರು ತರಲು ಹೋದಳು.

ಮನೆಯಲ್ಲಿ ತಣ್ಣಗಿರುವುದು ಯಾವುದು? ಕುಡಿಯುವ ನೀರಿನ ಮಡಕೆ. ಅದಕ್ಕೇನು ಸುತ್ತಿದೆ? ಹಸಿ ಗೋಣಿಚೀಲ. ಬನಪ್ಪ ಗೋಣಿಚೀಲ ಬಿಚ್ಚಿದ, ಇನ್ನೊಂದು ತಂಬಿಗೆ ನೀರು ಹೊಯ್ದ, ಕಂಪ್ಯೂಟರಿಗೆ ಸುತ್ತಿದ.

"ಅಯ್ಯಯ್ಯೋ! ಏನು ಮಾಡಿದಿ?"

"ತಣ್ಣಗ ಇಟ್ಟೀನಿ ಯವ್ವಾ. ಮುಟ್ಟಿ ನೋಡು!"

"ಅದೇನು ಮಡಿಕೀ ಏನೋ? ಮುಚ್ಚಳ ತೆಗೆದು ಗಾಳಿಗೆ ಇಡಬೇಕಾಗಿತ್ತು!"

"ಆತು ಯವ್ವಾ. ಇನ್ನ ಮುಂದ ಹಂಗ ಮಾಡತೀನಿ."

ಪುಣ್ಯಕ್ಕೆ ನೀರು ಒಳಗಿಳಿದಿರಲಿಲ್ಲ. ಕಾಕಾ ಅಂಗಡಿಗೆ ಒಯ್ದು ಒಣಗಿಸಿ, ಆರು ತಾಸು ನಡೆಸಿದ. ಒಮ್ಮೆಯೂ ಆರಲಿಲ್ಲ! ಮನೆಗೆ ತಂದರು. ಬನಪ್ಪ ಮರೆಯದೆ ಮತ್ತೆ ನಿಂಬೆಹಣ್ಣು ಕಟ್ಟಿದ. ಪಟ್!

ಮಂಗಳವಾರ ಕಾಕಾ ಅಂದ, "ಒಳಗ ಬಿಸಿ ಇಳಿಸೋ ಪೇಸ್ಟು ಐತಲ್ಲ, ಅದನ್ನ ಬದಲಿ ಮಾಡಿ ನೋಡೂಣು. ಬನಪ್ಪಾ, ಅಂಗಡ್ಯಾಗಿನ ಟ್ಯೂಬು ತಗೊಂಡು ಬಾ."

ಬನಪ್ಪ ಟ್ಯೂಬು ತಗೊಂಡ. ಅವ್ವನ ಮಾತು ನೆನಪಾಯಿತು. ಮುಚ್ಚಳ ತೆಗೆದ. ಸೈಕಲ್ಲಿನ ಹ್ಯಾಂಡಲಿಗೆ ಕಟ್ಟಿದ. ಗಾಳಿ ಸಾಲದೆಂದು ಊರ ಹೊರಗಿನ ದಾರಿ ಹಿಡಿದು ಬಂದ. ಮನೆ ಮುಟ್ಟುವುದರೊಳಗೆ ಅರ್ಧ ಸುರಿದಿತ್ತು, ಉಳಿದರ್ಧಕ್ಕೆ ಧೂಳು ಮೆತ್ತಿತ್ತು.

"ಅಯ್ಯೋ ನನ್ನ ಕರ್ಮವೇ! ಪೇಸ್ಟನ್ನ ಗಾಳಿಗೆ ಇಡತಾರೇನೋ?"

"ನೀನ ಹೇಳಿದೆಲ್ಲ ಯವ್ವಾ!"

"ಅದನ್ನ ಒಂದು ಜೋಳದ ಕಾಳಿನಷ್ಟು ಹಚ್ಚಿ, ಮ್ಯಾಲೆ ಗಟ್ಟಿಯಾಗಿ ಒತ್ತಬೇಕೋ! ನಿನ್ನ ತಲ್ಯಾಗ ಏನೂ ಇಲ್ಲ!"

"ಆತು ಯವ್ವಾ. ಇನ್ನ ಮುಂದ ಹಂಗ ಮಾಡತೀನಿ."

ಕಾಕಾ ಧೂಳಿಲ್ಲದ ಒಂದು ಚೂರು ಹುಡುಕಿ ಹಚ್ಚಿದ. ಒಂದು ತಾಸು ನಡೆಯಿತು. ಎರಡು ಎಸಳಾದವು. ಶಂಕ್ರವ್ವನ ಮುಖ ಅರಳಿತು. ಪಟ್!

ಬುಧವಾರ ಕಾಕಾ ಅಂಗಡಿಯಿಂದ ಬೆರಳುದ್ದದ ಒಂದು ಪಟ್ಟಿ ತಂದ. "ಇದಕ್ಕ ರ‍್ಯಾಮ್ ಅಂತಾರ. ಹಳೇದು ಸರಿಯಾಗಿ ಕೂತಿಲ್ಲೇನೋ. ಇದನ್ನ ಹಾಕಿ ನೋಡೂಣು. ಹಿಡಕೋ ಬನಪ್ಪಾ, ಕನ್ನಡಕ ಒರಸಿಕೋತೀನಿ."

ಕನ್ನಡಕ ಒರಸಲು ಎಷ್ಟು ಹೊತ್ತು? ಅಷ್ಟರಲ್ಲೇ ಬನಪ್ಪ ಉಳಿದ ಪೇಸ್ಟನ್ನು ಜೋಳದ ಕಾಳಿನಷ್ಟೇ, ಒಂದು ಕೂದಲೂ ಹೆಚ್ಚಿಲ್ಲದಂತೆ, ಪಟ್ಟಿಯ ಚಿನ್ನದ ಬಣ್ಣದ ಅಂಚಿಗೆ ಹಚ್ಚಿದ. ಮೇಲೆ ಹೆಬ್ಬೆರಳಿಟ್ಟು ಗಟ್ಟಿಯಾಗಿ ಒತ್ತಿದ.

"ಯಾ ಅಲ್ಲಾ!" ಅಂದ ಕಾಕಾ.

"ಅಯ್ಯೋ ಹುಚ್ಚಪ್ಪಾ!" ಅಂದಳು ಅವ್ವ. "ಅಂಚಿಗೆ ಪೇಸ್ಟು ಹಚ್ಚತಾರೇನೋ? ಪೆನ್ಸಿಲ್ ಅಳಿಸೋ ರಬ್ಬರ್ ತಗೊಂಡು ಹೊಳಿಯೂತನಕ ತಿಕ್ಕಬೇಕಂತ ಕಾಕಾ ನಿನ್ನೆ ಹೇಳಲಿಲ್ಲೇನು?"

"ಆತು ಯವ್ವಾ. ಇನ್ನ ಮುಂದ ಹಂಗ ಮಾಡತೀನಿ."

ಕಾಕಾ ಪಟ್ಟಿಯನ್ನು ಸ್ಪಿರಿಟ್ಟಿನಿಂದ ತೊಳೆದು, ರಬ್ಬರಿನಿಂದ ತಿಕ್ಕಿ, ಹಾಕಿ ನೋಡಿದ. ಅದೂ ಅಲ್ಲ. ಪಟ್!

ಗುರುವಾರ ಶಂಕ್ರವ್ವ ಮಗನ ಕೈಗೆ ಚೌಕಳಿ ಹಾಳೆ ಕೊಟ್ಟಳು. ಎಂಟೆಸಳಿನ ಹೂವು ಪೂರ್ತಿ ಇದ್ದದ್ದು ಅದೊಂದರಲ್ಲೇ. ಹದಿನೈದು ದಿನ ಕೂತು ಪೆನ್ಸಿಲಿನಲ್ಲಿ ಬರೆದದ್ದು. "ಜ್ವಾಕಿ! ರೊಟ್ಟಿ ಬಡಿದು ಬರತೀನಿ. ಇದನ್ನ ನೋಡಿಕೊಂಡ ಬರೀಬೇಕು ನಾನು."

ನಾಲ್ಕು ರೊಟ್ಟಿ ಬಡಿದು ಬಂದಳು. ಬನಪ್ಪ ಬೆವರು ಒರೆಸಿಕೊಳ್ಳುತ್ತಿದ್ದ. ಕೈಯಲ್ಲಿ ರಬ್ಬರ್. ಹಾಳೆ ಫಳಫಳ ಹೊಳೆಯುತ್ತಿತ್ತು. ಹಾಳೆಯ ಮೇಲೆ ಏನೂ ಇರಲಿಲ್ಲ.

"ತಿಕ್ಕೀನಿ ಯವ್ವಾ. ಹೊಳಿಯೂತನಕ!"

ಅವ್ವ ಬೈಯಲಿಲ್ಲ. ನೆಲದ ಮೇಲೆ ಕೂತಳು. ಅವಳು ಬೈಯದೆ ಕೂತದ್ದು ಅದೇ ಮೊದಲು. ಬನಪ್ಪನಿಗೆ ಭಯವಾಯಿತು.

"ಯವ್ವಾ, ಬೈ. ಮುಂದ ಹೆಂಗ ಮಾಡಲಿ ಹೇಳು!"

"ಏನೂ ಮಾಡಬ್ಯಾಡಪ್ಪ," ಅಂದಳು ಶಂಕ್ರವ್ವ ಮೆಲ್ಲಗೆ. "ಯಾವುದನ್ನೂ ಮುಟ್ಟಬ್ಯಾಡ. ಸುಮ್ಮನ ಕುಂತು ನೋಡು. ಏನೇನಾಗತೈತೋ ಎಣಿಸಿ ಬರಿ."

"ಆತು ಯವ್ವಾ."

ಶುಕ್ರವಾರ ಅವಳು ಮನಸ್ಸಿನಲ್ಲಿದ್ದ ಹೂವನ್ನೇ ನೋಡಿಕೊಂಡು ಬರೆಯಲು ಕೂತಳು. ಬರೆದಳು, ಹೋಯಿತು. ಬರೆದಳು, ಹೋಯಿತು. ಬನಪ್ಪ ಹೊಳೆಯುವ ಹಾಳೆ ಹಿಡಿದು ಪಕ್ಕದಲ್ಲೇ ಕೂತ. ಉಣ್ಣಲು ಏಳಲಿಲ್ಲ, ಸೊಳ್ಳೆ ಕಚ್ಚಿದರೂ ಹೊಡೆಯಲಿಲ್ಲ. ಮುಟ್ಟಬೇಡ ಅಂದಿದ್ದಳಲ್ಲ!

ಶನಿವಾರ ಬೆಳಿಗ್ಗೆ ಎಂಟಕ್ಕೆ ಕಾಕಾ ಬಂದ. "ಶಂಕ್ರವ್ವಾ, ನನಗೂ ತಿಳಿವಲ್ಲದು. ಪೂರಾ ಬಿಚ್ಚೇ ನೋಡಬೇಕು. ಅಂದರ ಇವತ್ತು ಆಗೂದಿಲ್ಲ."

ಶಂಕ್ರವ್ವ ಗೋಡೆಯ ಗಡಿಯಾರ ನೋಡಿದಳು. ಕಾಕಾ ಮೇಜಿನ ಮೇಲಿನ ಹಾಳೆ ನೋಡಿದ. "ಇದೇನಿದು?" ಅಂತ ಎತ್ತಿಕೊಂಡು ಗಟ್ಟಿಯಾಗಿ ಓದತೊಡಗಿದ.

"ಸೊಳ್ಳಿ ಕಡಿದದ್ದು ಇಪ್ಪತ್ಮೂರು. ಅವ್ವ ಉಸ್ಸಂತ ಉಸಿರು ಬಿಟ್ಟದ್ದು ಅರವತ್ತೊಂದು. ಬಾಜೂ ಮಗ್ಗ ನಿಂತು ಮತ್ತ ಹೊಂಟದ್ದು ಒಂಬತ್ತು. ನಿಂಬಿಹಣ್ಣು ತೂಗಾಡಿ ಸಣ್ಣ ಗುಂಡಿಗೆ ಬಡಿದದ್ದು ಹದಿನಾಲ್ಕು. ಕಂಪ್ಯೂಟರ್ ಆರಿ ಹತ್ತಿದ್ದು ಹದಿನಾಲ್ಕು."

ಕಾಕಾ ನಿಂತ. ಹಿಂದಕ್ಕೆ ಹೋಗಿ ಮತ್ತೆ ಓದಿದ. "ಹದಿನಾಲ್ಕು. ಹದಿನಾಲ್ಕು!" ನಿಂಬೆಹಣ್ಣು ಹಿಡಿದು, ಡಬ್ಬಿಯ ಮುಖದ ನಡುವಿನ ಸಣ್ಣ ಗುಂಡಿಗೆ ಮೆಲ್ಲಗೆ ತಾಗಿಸಿದ. ಪಟ್! ಆರಿತು, ಹತ್ತಿತು.

"ರಿಸೆಟ್ ಗುಂಡಿ! ಒತ್ತಿದರ ಆರಿ ಹತ್ತತೈತಿ! ಮಗ್ಗ ನಡುಗಿಸತೈತಿ, ಹಣ್ಣು ಒತ್ತತೈತಿ! ಐದು ದಿನ ನಾ ಒಳಗೆಲ್ಲಾ ಹುಡುಕೀನಿ, ಕಳ್ಳ ಬಾಗಲದಾಗ ನೇತಾಡಾಕತ್ತಾನ! ನಿಮ್ಮ ಮಗ ಹಿಡದಾನ ನೋಡ್ರಿ ಶಂಕ್ರವ್ವಾ!"

ಶಂಕ್ರವ್ವ ನಕ್ಕಳು, ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು. ಗಡಿಯಾರ ನೋಡಿ ಕುರ್ಚಿ ಎಳೆದುಕೊಂಡಳು.

"ಬನ್ಯಾ, ಬಿಚ್ಚೋ ಅದನ್ನ! ಒಗೀಬ್ಯಾಡ ಮತ್ತ, ದೃಷ್ಟಿಗೆ ಕಟ್ಟಿದ್ದು, ಇಲ್ಲೇ ಹತ್ತಿರದಾಗ ಇರಲಿ. ಎಷ್ಟು ಬಡಿದರೂ ಕೆಡಾಕ ಒಳಗ ಏನೂ ಇಲ್ಲದಂಥ ಜಾಗ ನೋಡಿ ಕಟ್ಟು!"

"ಅಂಥಾ ಜಾಗ ನನಗ ಗೊತ್ತೈತಿ ಯವ್ವಾ!"

ಅವಳು ತಿರುಗಿ ನೋಡಲಿಲ್ಲ. ಬರೆದಳು. ವಾರವಿಡೀ ಬರೆದು ಬರೆದು ಕಳೆದುಕೊಂಡ ಹೂವು, ಕೈಗೆ ಬಾಯಿಪಾಠವಾಗಿತ್ತು. ಒಂದು ಎಸಳು, ಎರಡು ಎಸಳು, ನಾಲ್ಕು. ಬಾಜೂ ಮಗ್ಗ ನಿಂತಿತು, ಹೊರಟಿತು. ಪರದೆ ಆರಲಿಲ್ಲ. ಆರು, ಏಳು, ಎಂಟು! ಮೂರೂವರೆಗೆ ಕಾಕಾ ನಕ್ಷೆಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಸಂಘಕ್ಕೆ ಸೈಕಲ್ ಓಡಿಸಿದ. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಮುಟ್ಟಿಸಿ, ವರ್ಷದ ಕೆಲಸ ಆಯಿತೆಂದು ಫೋನು ಮಾಡಿದ.

ಆಗ ಶಂಕ್ರವ್ವ ಮಗನ ಕಡೆ ತಿರುಗಿದಳು.

ಬನಪ್ಪ ಕಂಪ್ಯೂಟರಿನ ಪಕ್ಕದಲ್ಲೇ ಕೂತಿದ್ದ. ತಲೆಗೆ ದಾರ ಸುತ್ತಿತ್ತು. ದಾರದಿಂದ ನಿಂಬೆಹಣ್ಣು ಹಣೆಯ ನಟ್ಟನಡುವೆ ಇಳಿಬಿದ್ದಿತ್ತು. ಅದು ತೂಗಾಡಿ ಬಡಿದಾಗಲೆಲ್ಲ ಅವನು ಹಾಳೆಯ ಮೇಲೆ ಒಂದು ಗೀಟು ಎಳೆಯುತ್ತಿದ್ದ. ಎಣಿಸುವುದು ಸಾಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಹಣೆಗೆ ಬಡಿದದ್ದು ಇನ್ನೂರ ಆರು. ಕಂಪ್ಯೂಟರ್ ಆರಿದ್ದು ಸೊನ್ನೆ.