ಅರವತ್ತೊಂಬತ್ತರವರೆಗೆ ಎಣಿಸುವ ಜಟ್ಟು

ಹತ್ತಿರ ಬಂದು ಕೂತ್ಕೊಳ್ಳಿ. ಇದು ನಗುವ ಕತೆ, ನಗಬೇಕಾದಲ್ಲಿ ನಕ್ಕುಬಿಡಿ. ಕೊನೆಗೆ ನಗು ಬಾರದಿದ್ದರೆ ನನ್ನನ್ನು ಬೈಯಬೇಡಿ.

ಕಡಲ ದಂಡೆಯಲ್ಲಿ ಮಾದೇವಿ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಜಟ್ಟು. ಆಳು ಆರಡಿ, ಮೀಸೆ ಬಂದು ಎಷ್ಟೋ ವರ್ಷ ಆಗಿತ್ತು. ಬುದ್ಧಿ ಮಾತ್ರ ಬರಲೇ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಎಲ್ಲಿ ಮಾಡಬಾರದೋ ಅಲ್ಲೇ ಮಾಡುವವನು.

ಊರಿನವರೆಲ್ಲ ತಿನ್ನುವ ಮೀನು ಹಿಡಿದರೆ ಇವರದು ನೋಡುವ ಮೀನಿನ ಕಸುಬು. ಜೀವಂತ ಹಿಡಿದು ಪೇಟೆಯ ರಾಯ್ಕರ್ ಸಾಹುಕಾರರಿಗೆ ಕೊಡುವುದು, ಅವರು ದೊಡ್ಡ ಊರುಗಳ ಮನೆಗಳಿಗೆ ಕಳಿಸುವುದು. ಆ ಮನೆಗಳ ಗಾಜಿನ ತೊಟ್ಟಿಗೆ ಎಲ್ಲರ ಹತ್ತಿರ ಇರುವ ಮೀನು ಬೇಡ, ಯಾರೂ ಕಾಣದ್ದೇ ಬೇಕು. ಜಟ್ಟುವಿನ ಅಪ್ಪ ಮಾಸ್ತಪ್ಪ ಅಂಥದ್ದನ್ನು ಕಡಲ ನಡುವಿನ ಕರೇಕಲ್ಲು ಬಂಡೆಯ ಬುಡಕ್ಕೆ ಮುಳುಗಿ ತರುತ್ತಿದ್ದ. ಬಳೆಮೀನು ಅಂತ ಹೆಸರು. ಕಪ್ಪು ಮೈ, ನಡುವಿಗೊಂದು ಹಳದಿ ಬಳೆ, ಯಾವಾಗಲೂ ಜೋಡಿಯಾಗೇ ಇರುವುದು. ಮೂರು ವರ್ಷದ ಹಿಂದೆ ಮಾಸ್ತಪ್ಪನಿಗೆ ಜೋಡಿಯಲ್ಲಿ ಒಂದೇ ಸಿಕ್ಕಿತು. ಮರುದಿನ ಇನ್ನೊಂದನ್ನು ತರಲು ಹೋದವನು ಬರಲಿಲ್ಲ. ಹೆಣವೂ ಸಿಗಲಿಲ್ಲ.

ಹೋಗುವ ಹಿಂದಿನ ಸಂಜೆ ಮಗನಿಗೆ ಎಣಿಸಲು ಕಲಿಸುತ್ತಿದ್ದ. ಅರವತ್ತೊಂಬತ್ತಕ್ಕೆ ನಿಲ್ಲಿಸಿ, "ಉಳಿದದ್ದು ಆಮೇಲೆ ಹೇಳಿಕೊಡ್ತೇನೆ" ಅಂದಿದ್ದ. ಅಂದಿನಿಂದ ಜಟ್ಟು ಅರವತ್ತೊಂಬತ್ತರವರೆಗೆ ಎಣಿಸುತ್ತಾನೆ, ಮತ್ತೆ ಒಂದರಿಂದ ಸುರು ಮಾಡುತ್ತಾನೆ. ಬೇರೆಯವರು ಹೇಳಿಕೊಡಲು ಬಂದರೆ, "ಬೇಡ, ಅಪ್ಪ ಹೇಳಿಕೊಡ್ತೇನೆ ಅಂದಿದಾನೆ" ಅನ್ನುತ್ತಾನೆ.

ಆ ಒಂಟಿ ಬಳೆಮೀನು ಮಾದೇವಿಯ ಮನೆಯ ತೊಟ್ಟಿಯಲ್ಲೇ ಇತ್ತು. ಜೋಡಿ ತಪ್ಪಿದ ಬಳೆಮೀನು ಎಂಟು ದಿನ ಬದುಕುವುದಿಲ್ಲ. ಇದು ಮೂರು ವರ್ಷದಿಂದ ಕಡಲ ಕಡೆಯ ಗೋಡೆಗೆ ಮುಖ ಮಾಡಿ ನಿಂತಿತ್ತು. ಮಾದೇವಿಗೆ ಅದನ್ನು ಮಾರಲೂ ಹೆದರಿಕೆ, ನೀರಿಗೆ ಬಿಡಲೂ ಹೆದರಿಕೆ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು. ತಾನು ಸತ್ತರೆ ಈ ಪೆದ್ದನಿಗೆ ಅನ್ನ ಹಾಕುವವರು ಯಾರು? ಅದಕ್ಕೇ ಅವನಿಗೆ ಕಸುಬು ಕಲಿಸಲು ಹೊರಟಳು.

ಒಂದು ದಿನ ಅವಳ ಅಣ್ಣ ದುರ್ಗಪ್ಪ ತನ್ನ ದೋಣಿಯಲ್ಲಿ ತಂದ ನಾಲ್ಕು ಬಣ್ಣದ ಮೀನನ್ನು ಜಟ್ಟುವಿನ ಕೈಯಲ್ಲಿ ಕೊಟ್ಟುಕಳಿಸಿದ. ಕಡಲಿಗೆ ಹೋಗಿ ಬಂದವರು ಬಾವಿ ನೀರಲ್ಲಿ ಮಿಂದೇ ಒಳಗೆ ಬರಬೇಕು ಅಂತ ಮಾದೇವಿ ಮಗನಿಗೆ ಯಾವಾಗಲೂ ಹೇಳುತ್ತಿದ್ದಳು. ಜಟ್ಟು ನಾಲ್ಕು ಮೀನಿಗೂ ಬಾವಿ ನೀರಲ್ಲಿ ಸ್ನಾನ ಮಾಡಿಸಿದ. ನಾಲ್ಕೂ ಹೊಟ್ಟೆ ಮೇಲೆ ಮಾಡಿದವು.

"ಕೊಂದು ಹಾಕಿದ್ಯಲ್ಲೋ! ಕಡಲಿಂದ ಬಂದದ್ದಕ್ಕೆ ಕಡಲ ನೀರೇ ಕೊಡ್ಬೇಕು. ತಿಳೀತಾ?"

"ತಿಳೀತಮ್ಮ. ಕಡಲಿಂದ ಬಂದದ್ದಕ್ಕೆ ಕಡಲ ನೀರು."

ಮರುದಿನ ದುರ್ಗಪ್ಪ ದೋಣಿ ಎಳೆದು ಹಾಕಿ, ಬಿಸಿಲಲ್ಲಿ ಬೆಂದು ಬಂದು ಜಗಲಿಯಲ್ಲಿ ಕೂತ. "ಅಳಿಯಾ, ಒಂದು ಚೊಂಬು ನೀರು ಕೊಡು ಮಾರಾಯ" ಅಂದ. ಮಾವ ಎಲ್ಲಿಂದ ಬಂದ? ಕಡಲಿಂದ ಬಂದ. ಜಟ್ಟು ಓಡಿಹೋಗಿ ಚೊಂಬು ತುಂಬ ಕಡಲ ನೀರು ತಂದು ಕೊಟ್ಟ. ಮಾವ ಗಟಗಟ ಅಂತ ಎರಡು ಗುಟುಕು ಇಳಿಸಿ, ಮೂರನೆಯದನ್ನು ಅಳಿಯನ ಮುಖಕ್ಕೇ ಉಗುಳಿದ.

"ನಿನ್ನ ಮಾವ ಮೀನೇನೋ?" ಅಂತ ಮಾದೇವಿ ಹಣೆ ಚಚ್ಚಿಕೊಂಡಳು. "ನಾನು ಹೇಳೂದು ಮೀನಿನ ಸುದ್ದಿ. ಸರಿ ಕೇಳು. ಹೊಸತಾಗಿ ಬಂದದ್ದು ಬೆದರಿರ್ತದೆ. ಕರಿ ಕಂಬಳಿ ಮುಚ್ಚಿ ಕತ್ತಲೆಯಲ್ಲಿ ಇಡ್ಬೇಕು. ಒಂದು ಗಂಟೆ ಮಾತಾಡಿಸಬಾರ್ದು."

"ಕರಿ ಕಂಬಳಿ. ಕತ್ತಲೆ. ಒಂದು ಗಂಟೆ."

ಅದೇ ವಾರ ರಾಯ್ಕರ್ ಸಾಹುಕಾರರು ಮೊದಲನೇ ಸಲ ಮನೆ ಬಾಗಿಲಿಗೆ ಬಂದರು. ಮಾದೇವಿ ಹಿತ್ತಲಲ್ಲಿದ್ದಳು. ಜಟ್ಟು ನೋಡಿದ. ಹೊಸತಾಗಿ ಬಂದದ್ದು. ಕಣ್ಣು ಪಿಳಿಪಿಳಿ ಮಾಡುತ್ತಿದೆ, ಬೆದರಿದೆ. ಹಿಂದಿನಿಂದ ಕಂಬಳಿ ಬೀಸಿ ಸುತ್ತಿ, ಎತ್ತಿಕೊಂಡು ಹೋಗಿ ಬಲೆ ಇಡುವ ಕೋಣೆಗೆ ಹಾಕಿ ಚಿಲಕ ಜಡಿದ. ಒಳಗಿಂದ ಒದೆತ, ಕೂಗು. ಜಟ್ಟು ಹೊರಗೆ ಬಾಯಿ ಮುಚ್ಚಿ ಕೂತಿದ್ದ. ಮಾತಾಡಿಸಬಾರದಲ್ಲ.

ಮಾದೇವಿ ಚಿಲಕ ತೆಗೆದು ಕಾಲಿಗೆ ಬಿದ್ದಳು. ಸಾಹುಕಾರರು ತಲೆಗೆ ಸಿಕ್ಕಿದ ಬಲೆ ಬಿಡಿಸಿಕೊಂಡು, "ಬಳೆಮೀನಿನ ಜೋಡಿ ಕೊಟ್ಟರೆ ಮಾತ್ರ ಇನ್ನು ನಿಮ್ಮ ಜೊತೆ ವ್ಯವಹಾರ" ಅಂದು ಹೋದರು.

"ಕೆಟ್ಟೆವಲ್ಲೋ! ಬಳೆಮೀನು ಆಳದ್ದು. ಆಳದಿಂದ ಬರೂದನ್ನು ಒಮ್ಮೆಲೇ ಎತ್ತಿದರೆ ಹೊಟ್ಟೆ ಉಬ್ಬಿ ಸಾಯ್ತದೆ. ಒಂದು ಮಾರು ಎತ್ತಬೇಕು, ನೂರು ಎಣಿಸಬೇಕು, ಮತ್ತೆ ಒಂದು ಮಾರು. ನೆನಪಿಡು."

"ಒಂದು ಮಾರು, ನೂರು ಎಣಿಸೂದು, ಮತ್ತೆ ಒಂದು ಮಾರು."

ಮೂರನೇ ದಿನ ನೀರು ಸೇದುವಾಗ ಕಾಲು ಜಾರಿ ಮಾದೇವಿ ಬಾವಿಗೆ ಬಿದ್ದಳು. ಜಟ್ಟು ಹಗ್ಗ ಬಿಟ್ಟ, ಅವಳು ಸೊಂಟಕ್ಕೆ ಕಟ್ಟಿಕೊಂಡಳು. ಒಂದು ಮಾರು ಎಳೆದ, ನಿಲ್ಲಿಸಿದ.

"ಎಳೆಯೋ ಮಗನೇ, ಚಳಿ!"

"ತಡಿಯಮ್ಮ. ಒಂದು, ಎರಡು, ಮೂರು..."

ಅರವತ್ತೊಂಬತ್ತು ಬಂತು. ಮತ್ತೆ ಒಂದು, ಎರಡು, ಮೂರು. ನೂರು ಬರುವುದೆಲ್ಲಿ? ಮಾದೇವಿ ಮಧ್ಯಾಹ್ನದವರೆಗೆ ಬಾವಿಯ ನಡುವೆ ತೂಗುತ್ತಿದ್ದಳು. ದುರ್ಗಪ್ಪ ಬಂದು ಎಳೆದು ಹಾಕಿದಾಗ ತುಟಿ ನೀಲಿ. ಆ ದಿನ ಅವಳು ಮಗನಿಗೆ ಬೈಯಲಿಲ್ಲ, ಬೈಯಲು ಉಸಿರಿರಲಿಲ್ಲ. ಒಲೆಯ ಮುಂದೆ ಕೂತು ತೊಟ್ಟಿಯ ಒಂಟಿ ಮೀನನ್ನು ನೋಡುತ್ತಾ ಹೇಳಿದಳು:

"ಜೋಡಿಯನ್ನು ಅಗಲಿಸಬಾರ್ದು ಮಗಾ. ಒಂದನ್ನು ಒಯ್ದರೆ ಇನ್ನೊಂದನ್ನೂ ಅದರ ಹತ್ತಿರ ಸೇರಿಸಿಬಿಡ್ಬೇಕು. ನಿನ್ನಪ್ಪ ಒಂದನ್ನೇ ತಂದು ಹಾಳಾದ."

"ಜೋಡಿಯನ್ನು ಸೇರಿಸಿಬಿಡ್ಬೇಕು" ಅಂದ ಜಟ್ಟು.

ಮರುದಿನ ಮಾದೇವಿ ಪೇಟೆಗೆ ಹೋಗಿ ಬರುವಾಗ ಹೊತ್ತು ಮುಳುಗುತ್ತಿತ್ತು. ಜಟ್ಟು ಅಂಗಳದಲ್ಲಿ ನಿಂತಿದ್ದ. ಮೈಯೆಲ್ಲ ಒದ್ದೆ, ಮುಖದ ತುಂಬ ನಗು.

"ಅಮ್ಮ, ಇವತ್ತು ನಾನು ಒಂದೂ ತಪ್ಪು ಮಾಡ್ಲಿಲ್ಲ."

"ಎಂತ ಮಾಡ್ದೆ?"

"ಅಪ್ಪ ಬಂದಿದ್ದ."

ಮಾದೇವಿಗೆ ತಲೆಯ ಮೇಲಿನ ಬುಟ್ಟಿ ಇಳಿಸುವುದೇ ಮರೆತುಹೋಯಿತು.

"ಕಡಲಿಂದ ಬಂದ. ನೀರು ಕೇಳ್ದ. ಕಡಲ ನೀರೇ ಕೊಟ್ಟೆ. ಮಾವನ ಹಾಗೆ ಉಗುಳ್ಲಿಲ್ಲ ಅಮ್ಮ, ಕೊಡ ಪೂರ್ತಿ ಕುಡ್ದ. ಕಂಬಳಿ ಮುಚ್ಚಿ ಕತ್ತಲೆಯಲ್ಲಿ ಕೂರಿಸ್ದೆ. ಸಾಹುಕಾರರ ಹಾಗೆ ಕೂಗ್ಲೂ ಇಲ್ಲ."

ಬಲೆಯ ಕೋಣೆಯ ಬಾಗಿಲು ತೆರೆದಿತ್ತು. ಕಂಬಳಿ ನೆಲದ ಮೇಲೆ ಬಿದ್ದಿತ್ತು. ಅದರಿಂದ ನೀರು ಇನ್ನೂ ಇಳಿಯುತ್ತಿತ್ತು, ಅಂಗಳ ದಾಟಿ ಮರಳಿನವರೆಗೆ ಗೆರೆ ಎಳೆದ ಹಾಗೆ ಹೋಗಿತ್ತು.

"ಈಗ ಎಲ್ಲಿದ್ದಾನೆ?"

"ಹೊರಗೆ ಹೆಚ್ಚು ಹೊತ್ತು ಇರ್ಲಿಕ್ಕೆ ಆಗೂದಿಲ್ಲ ಅಂದ. ನೀರಿಗೇ ಬಿಟ್ಟು ಬಂದೆ. ಮುಷ್ಟಿಯಲ್ಲಿ ಆ ಮೀನಿನ ಜೋಡಿ ತಂದಿದ್ದ, ತೊಟ್ಟಿಗೆ ಹಾಕಿದೆ."

ಮಾದೇವಿ ಒಳಗೆ ಓಡಿದಳು. ತೊಟ್ಟಿಯಲ್ಲಿ ಎರಡು ಬಳೆಮೀನು. ಮೂರು ವರ್ಷ ಗೋಡೆ ನೋಡುತ್ತಿದ್ದದ್ದು ಈಗ ಈಚೆ ತಿರುಗಿ, ಜೋಡಿಯ ಪಕ್ಕದಲ್ಲಿ ನಿಂತು ಅವಳನ್ನೇ ನೋಡುತ್ತಿತ್ತು. ಅವಳಿಗೆ ಅಳು ಬಂತು, ಹೆದರಿಕೆಯೂ ಬಂತು. ಯಾವುದು ಮೊದಲು ಅಂತ ಅವಳಿಗೂ ಗೊತ್ತಾಗಲಿಲ್ಲ.

ಜಟ್ಟು ಹಿಂದೆ ಬಂದು ಅವಳ ಕೈ ಹಿಡಿದ.

"ಬಾ ಅಮ್ಮ, ಹೋಗುವ."

"ಎಲ್ಲಿಗೆ?"

"ಅಪ್ಪ ಅಲ್ಲಿ ಒಬ್ಬನೇ ಇದ್ದಾನೆ. ಜೋಡಿಯನ್ನು ಸೇರಿಸಿಬಿಡ್ಬೇಕು ಅಂತ ನೀನೇ ಹೇಳಿದ್ಯಲ್ಲ."

ಬೈದಳು, ಕೇಳಲಿಲ್ಲ. ಬೇಡಿದಳು, ಕೇಳಲಿಲ್ಲ. ಆರಡಿ ಆಳು, ದೋಣಿ ಎಳೆಯುವ ಕೈ. ಮರಳಿನ ಮೇಲೆ ಎಳೆದುಕೊಂಡೇ ಹೋದ. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ಆಗ ಮಾದೇವಿಗೆ ಬಾವಿ ನೆನಪಾಯಿತು.

"ನಿಲ್ಲೋ ಪೆದ್ದೇ! ಆಳಕ್ಕೆ ಇಳಿಯುವಾಗಲೂ ಅಷ್ಟೇ. ಒಮ್ಮೆಲೇ ಹೋಗಬಾರ್ದು. ನೂರು ಎಣಿಸು, ಆಮೇಲೆ ಒಂದು ಹೆಜ್ಜೆ."

ಜಟ್ಟು ಥಟ್ಟನೆ ನಿಂತ. "ಹೌದಲ್ಲ ಅಮ್ಮ. ಮರೆತೇಬಿಟ್ಟಿದ್ದೆ. ಒಂದು, ಎರಡು, ಮೂರು..."

ಮಾದೇವಿ ಉಸಿರು ಬಿಟ್ಟಳು. ಬಾವಿಯಲ್ಲಿ ಕೊಲ್ಲಲು ಹೊರಟಿದ್ದ ಪೆದ್ದುತನ ಇವತ್ತು ಉಳಿಸಿತು. ಇವನಿಗೆ ನೂರು ಬರುವುದಿಲ್ಲ. ದುರ್ಗಪ್ಪನ ದೋಣಿ ದಡಕ್ಕೆ ಬರುವವರೆಗೆ ಎಣಿಸುತ್ತಲೇ ಇರಲಿ. ಅಲೆ ನಿಂತುಹೋಗಿತ್ತು, ನೀರು ಕಿವಿಗೊಟ್ಟ ಹಾಗೆ ಸುಮ್ಮನಿತ್ತು.

"ಅರವತ್ತೇಳು. ಅರವತ್ತೆಂಟು. ಅರವತ್ತೊಂಬತ್ತು."

ಜಟ್ಟು ತಡೆದ. ಇನ್ನು ಒಂದು ಅನ್ನುತ್ತಾನೆ ಅಂತ ಮಾದೇವಿ ಕಾದಳು.

"ಎಪ್ಪತ್ತು" ಅಂತ ನೀರಿನ ಕಡೆಯಿಂದ ಕೇಳಿಸಿತು.

ಜಟ್ಟುವಿನ ಮುಖ ಅರಳಿತು. ಅಮ್ಮನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ.

"ಕೇಳಿದ್ಯಾ ಅಮ್ಮ? ಅಪ್ಪ ಹೇಳಿಕೊಡ್ತಿದ್ದಾನೆ. ಇನ್ನು ನಾನು ತಪ್ಪೂದಿಲ್ಲ."