ಬಗ್ಗದ ಅಮಲ್ದಾರರು

ಹೊಸ ಅಮಲ್ದಾರರು ಬಂದ ದಿನವೇ ಕಚೇರಿಗೆಲ್ಲ ಹುಕುಂ ಮಾಡಿದರು: "ನಾನು ಯಾರ ಮುಂದೂ ಬಗ್ಗಿದವನಲ್ಲ. ನನ್ನ ಮುಂದೆ ಮಾತ್ರ ಎಲ್ಲರೂ ನಡು ಬಗ್ಗಿಸಿ ಕೈ ಮುಗಿಯಬೇಕು. ಆಗದವರು ನಾಳೆಯಿಂದ ಬರಬೇಡಿ."

ಕಸ ಗುಡಿಸುವ ಹೊನ್ನೂರಮ್ಮನಿಗೆ ನಡು ಹಿಡಿದು ಎರಡು ವರ್ಷ. ನಿಂತೇ ಗುಡಿಸಲೆಂದು ಪೊರಕೆಗೆ ಉದ್ದನೆಯ ಕೋಲು ಕಟ್ಟಿಕೊಂಡಿದ್ದಳು. ಕೂತು ಏಳುವ ಕಷ್ಟ ಅವಳಷ್ಟು ಬಲ್ಲವರು ಯಾರೂ ಇರಲಿಲ್ಲ. ಕುರ್ಚಿಯಲ್ಲಿ ಒರಗಿ ಕೂತಿದ್ದ ಅಮಲ್ದಾರರ ಮುಂದೆ ಬಂದು ನಿಂತು ಅಂದಳು:

"ಸಾಹೇಬ್ರ, ಬೆನ್ನು ಕುರ್ಚಿಗೆ ಹಚ್ಚಿ, ಪಾದ ಮುಂದಿಟ್ಟು, ಕೈ ಊರದ, ಬಗ್ಗದ ಒಂದ್ಸಲ ಎದ್ದು ತೋರಸ್ರಿ. ನೀವು ಎದ್ರ ನಾನು ಬಗ್ಗತೀನ್ರಿ."

"ಇಷ್ಟೇನಾ?" ಎಂದು ಅಮಲ್ದಾರರು ಎದೆ ಉಬ್ಬಿಸಿ ಏಳಹೋದರು. ಆಗಲಿಲ್ಲ. ತಿಣುಕಿದರು. ಮುಖ ಕೆಂಪೇರಿತು, ಮೀಸೆ ನಡುಗಿತು, ಕುರ್ಚಿ ಕಿರುಗುಟ್ಟಿತು. ಕೂತವರು ಕೂತಲ್ಲೇ.

"ಮೈಭಾರ ಎಲ್ಲಾ ಹಿಂದೈತ್ರಿ. ಅದು ಪಾದದ ಮ್ಯಾಲೆ ಬರಬೇಕಂದ್ರ ತಲಿ ಮುಂದ ಬಾಗಬೇಕ್ರಿ" ಎಂದಳು ಹೊನ್ನೂರಮ್ಮ.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಹಸಿವು ತಾಳದೆ ಅಮಲ್ದಾರರು ಅವಳೆದುರೇ ಚೆನ್ನಾಗಿ ಬಗ್ಗಿ ಎದ್ದರು.

"ಇರಲಿ ಬಿಡ್ರಿ, ಇಷ್ಟೊಂದು ಮರ್ಯಾದಿ ನನಗ್ಯಾಕ?" ಎಂದಳು.

ಹುಕುಂ ಅಂದೇ ರದ್ದಾಯಿತು. ಈಗಲೂ ಹೊನ್ನೂರಮ್ಮ ಪೊರಕೆ ಹಿಡಿದು ಕೋಣೆಗೆ ಬಂದರೆ, ಅವಳು ಹೊರಗೆ ಹೋಗುವವರೆಗೆ ಅಮಲ್ದಾರರು ಕುರ್ಚಿ ಬಿಟ್ಟು ಏಳುವುದಿಲ್ಲ.