ಕಲ್ಲುಗುಡ್ಡೆಗೆ ಹಾಲುತುಪ್ಪ

“ಗುರುಗಳೇ, ನನ್ನ ಅಣ್ಣ ಕಡಲಾಚೆಯ ಯುದ್ಧದಲ್ಲಿ ಸತ್ತ. ಅವನ ಸಮಾಧಿಗೆ ಒಂದು ಹಿಡಿ ಮಣ್ಣು ಹಾಕುವ ಭಾಗ್ಯವೂ ನಮಗಿಲ್ಲ. ಕೊಂದವರ ಕುಲಕ್ಕೆ ದಿನವೂ ಶಾಪ ಹಾಕಿ ಅವನನ್ನು ನೆನೆಯುತ್ತೇನೆ. ಇಷ್ಟು ಸಾಲದೇ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಊರಿನ ಹೊರದಾರಿಯಲ್ಲಿ ಒಂದು ಕಲ್ಲುಗುಡ್ಡೆ ಇತ್ತು. ಹಿಂದೆ ಕಡಲಾಚೆಯಿಂದ ಬಂದ ದಂಡು ಆ ಊರನ್ನು ಸುಟ್ಟಿತ್ತು. ಆ ದಂಡಿನವನೊಬ್ಬ ಅಲ್ಲೇ ಸತ್ತ. ಅವನನ್ನು ದಾರಿಬದಿಯಲ್ಲಿ ಹೂತಿದ್ದರು. ಹೋಗಿಬರುವವರೆಲ್ಲ ಅವನ ಮೇಲೊಂದು ಕಲ್ಲು ಎಸೆದು, ಉಗಿದು ಮುಂದೆ ಹೋಗಬೇಕು. ಅದು ಊರ ಕಟ್ಟಳೆ. ಅಲ್ಲಿಂದ ಕಲ್ಲು ತೆಗೆದವನಿಗೆ ಊರಲ್ಲಿ ನೀರಿಲ್ಲ, ಬೆಂಕಿಯಿಲ್ಲ.

ಆ ಊರಲ್ಲಿ ಒಬ್ಬ ಕುರುಬನಿದ್ದ. ಅವನೂ ಎಸೆಯುತ್ತಿದ್ದ. ಕುರಿ ತಿರುಗಿಸಲು ಕಲ್ಲು ಬೀಸಿ ಪಳಗಿದ ಕೈ, ಗುರಿ ತಪ್ಪುತ್ತಿರಲಿಲ್ಲ.

ಅವನ ಒಬ್ಬನೇ ಮಗನ ಹೆಸರು ಮಾಳಿಂಗ. ಅವನು ಅರಸನ ದಂಡು ಸೇರಿ ಹಡಗು ಹತ್ತಿದ. ಮರಳಿ ಬಂದದ್ದು ಅವನ ಜೊತೆಗಾರ, ಅದೇ ಊರಿನವನು. ಸಾವಿನ ಸುದ್ದಿ ಹೇಳಿದ. ಕುರುಬ ಅಳಲಿಲ್ಲ.

“ಎಲ್ಲಿ ಹೂತರು?” ಎಂದ.

“ಕಡಲಾಚೆ, ಅವರ ಊರಿನ ದಾರಿಬದಿಯಲ್ಲಿ, ಮಾವ.”

“ದಾರಿಯಲ್ಲಿ ಹೋಗುವವರು ಏನು ಮಾಡುತ್ತಾರೆ?”

ಜೊತೆಗಾರ ಮುಖ ತಿರುಗಿಸಿದ. “ನಮ್ಮೂರಿನವರು ಮಾಡುವುದನ್ನೇ.”

ಹೂತವನಿಗೆ ಹಾಲುತುಪ್ಪ ಬಿಡುವುದು ಅವರ ಕುಲದ ಪದ್ಧತಿ. ಬಿಡದಿದ್ದರೆ ಸತ್ತವನ ಬಾಯಾರಿಕೆ ಆರದು. ಬಿಡೋಣವೆಂದರೆ ನಡುವೆ ಕಡಲು.

ಬೆಳಗ್ಗೆ ಅವನು ಹಾಲುತುಪ್ಪದ ಗಿಂಡಿ ಹಿಡಿದು ಕಲ್ಲುಗುಡ್ಡೆಗೆ ಹೋದ. ಗಿಂಡಿ ಕೆಳಗಿಟ್ಟು ಕಲ್ಲು ತೆಗೆಯತೊಡಗಿದ. ಸುದ್ದಿ ಹಬ್ಬಿತು. ಊರೇ ಬಂದು ಸುತ್ತ ನಿಂತಿತು. ಎಲ್ಲರ ಕೈಯಲ್ಲೂ ಕಲ್ಲಿತ್ತು.

ಗೌಡ ಗದರಿದ: “ಏನೋ, ಮಗನ ಹಿಂದೆ ಬುದ್ಧಿಯೂ ಹಡಗು ಹತ್ತಿತೇನು? ಒಳಗೆ ಮಲಗಿರುವವನು ನಿನ್ನ ಬೀಗನೋ? ನೀರು ಬೆಂಕಿ ನಿಂತೀತು, ನೋಡು!”

ಯಾರೋ ನಕ್ಕರು. ಕುರುಬ ಕೈ ನಿಲ್ಲಿಸಲಿಲ್ಲ. ಒಂದು ಕಲ್ಲು ಬಂದು ಅವನ ಹೆಗಲಿಗೆ ಬಡಿಯಿತು. ನಗು ನಿಂತಿತು. ಅವನು ಆ ಕಲ್ಲನ್ನೂ ಎತ್ತಿ ಪಕ್ಕದ ರಾಶಿಗೆ ಹಾಕಿದ.

“ಎಸೆಯುವವರು ಎಸೆಯಲಿ, ಗೌಡರೇ. ಅಲ್ಲಿ ನನ್ನ ಮಗ ಹೀಗೇ ಮಲಗಿದ್ದಾನೆ. ಅವನಿಗೆ ಅಲ್ಲಿ ಯಾರಿದ್ದಾರೋ ಕಾಣೆ. ಇವನಿಗೆ ನಾನಿದ್ದೇನೆ.”

ಕೊನೆಗೆ ಮಣ್ಣು ಕಂಡಿತು. ಹೆಗಲಿನ ರಕ್ತ ಮೊಣಕೈಗೆ ಇಳಿದಿತ್ತು. ಆ ಕೈಯಲ್ಲೇ ಗಿಂಡಿ ಬಗ್ಗಿಸಿ, “ಕುಡಿ, ಮಾಳಿಂಗ” ಎಂದ.

ಗುರು ಕಥೆಯನ್ನು ಅಲ್ಲಿಗೆ ಮುಗಿಸಿದರು.

“ಊರು ಅವನನ್ನು ಹೊರಗೆ ಹಾಕಿತೇ?” ಎಂದು ಶಿಷ್ಯ ಕೇಳಿದ.

“ಹಾಕಿತು. ಅದಿರಲಿ, ನೀನು ದಿನವೂ ಎಸೆಯುವ ಶಾಪ ಯಾರ ಅಣ್ಣನ ಸಮಾಧಿಯ ಮೇಲೆ ಬೀಳುತ್ತಿದೆ?”